ಹಾಸನದ ಹತ್ತಿರ ಸಿಸ್ಟರ್‌ಗಳು ನಡೆಸುವ ಮಕ್ಕಳ ಮನೆಗೆ ಹೋಗಬೇಕು ಅಂತಿದ್ದೇವೆ, ಗೊತ್ತಿದ್ದವರು ಹೇಳಿ

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಗಳಿಗೆ ಎಂಟು ತುಂಬುತ್ತದೆ. ಪ್ರತಿ ವರ್ಷ ಹಾಲ್ ಬುಕ್ ಮಾಡಿ, ಬಲೂನ್ ಕಟ್ಟಿ, ಯಾರೂ ಪೂರ್ತಿ ತಿನ್ನದ ಊಟ ಹಾಕಿಸಿ ಸಾಕಾಗಿದೆ. ಈ ಸಲ ಅದೇ ದುಡ್ಡಲ್ಲಿ ಬೀದಿ ಮಕ್ಕಳಿಗಾಗಿ ಚರ್ಚ್‌ನವರು ನಡೆಸುವ ಒಂದು ಮನೆಗೆ ಹೋಗಿ ಬರೋಣ ಅಂತ ನಾನೂ ನಮ್ಮವರೂ ಮಾತಾಡಿಕೊಂಡೆವು. ಹಾಸನದಿಂದ ಸ್ವಲ್ಪ ಹೊರಗಿದೆ. ಅವರನ್ನು ಕೇಳಿಲ್ಲವಾದ್ದರಿಂದ ಹೆಸರು ಬರೆಯುವುದಿಲ್ಲ.

ಫೋನ್ ಮಾಡಿದೆ. ಸಿಸ್ಟರ್ ಒಬ್ಬರು ಎತ್ತಿದರು, ಚೆನ್ನಾಗಿಯೇ ಮಾತಾಡಿದರು. ಆದರೆ ಕೇಕ್ ತರಬೇಡಿ ಅಂದರು. ಫೋಟೊ ತೆಗೆಯುವ ಹಾಗಿಲ್ಲ ಅಂದರು. ಬರುವ ದೊಡ್ಡವರೆಲ್ಲರ ಆಧಾರ್ ಪ್ರತಿ ಬೇಕು, ಶನಿವಾರ ಸ್ಕೂಲ್ ಬಿಟ್ಟ ಮೇಲೆ ಬನ್ನಿ, ಒಂದು ಗಂಟೆ ಸಾಕು ಅಂದರು. ಕೊಡೋಕೆ ಹೋಗುವವರಿಗೂ ಇಷ್ಟೊಂದು ಕಂಡೀಷನ್ನಾ ಅಂತ ಸ್ವಲ್ಪ ಬೇಜಾರಾಯಿತು.

ಮನೆಯಲ್ಲಿ ಬೇರೆ ರಾಮಾಯಣ. ನಮ್ಮ ಮಾವನವರು "ಚರ್ಚಿನವರದ್ದಾ? ಬೇಡ, ಮಕ್ಕಳನ್ನು ಸೇರಿಸಿಕೊಂಡು ಮತಾಂತರ ಮಾಡುತ್ತಾರೆ" ಅಂತ ಒಂದೇ ಮಾತು. (ಅವರೂ ಅವರ ತಮ್ಮಂದಿರೂ ಹುಟ್ಟಿದ್ದು ನಮ್ಮೂರ ಮಿಷನ್ ಆಸ್ಪತ್ರೆಯಲ್ಲೇ. ಅದನ್ನು ನೆನಪಿಸಿದರೆ ಎದ್ದು ಹೊರಗೆ ಹೋಗುತ್ತಾರೆ.) ಅತ್ತೆ ಕೇಳುವ ಪ್ರಶ್ನೆಯೇ ಬೇರೆ. ಹಾಸನದಂಥ ಊರಲ್ಲಿ ಬೀದಿ ಮಕ್ಕಳು ಎಲ್ಲಿದ್ದಾರೆ, ಅದೆಲ್ಲ ಬೆಂಗಳೂರು ಬಾಂಬೆ ಕಡೆ ಅಲ್ವಾ ಅಂತ.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಇಂಥ ಮನೆ ಸರಿಯಾದದ್ದು ಅಂತ ತಿಳಿಯುವುದು ಹೇಗೆ? ದುಡ್ಡು ಕೊಡಬೇಕಾ, ಸಾಮಾನು ಕೊಡಬೇಕಾ? ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದಾ, ಅಲ್ಲಿ ಹೋಗಿ ಏನು ಮಾಡಬೇಕು? ಸುಮ್ನೆ ಕೂತು ಬರೋದಾ?

—

ಅರಸೀಕೆರೆ ಲೋಕಲ್:

ಮೇಡಂ, ನಾನು ರೈಲ್ವೆಯಲ್ಲಿದ್ದವನು. ಅರಸೀಕೆರೆ, ಕಡೂರು, ಹಾಸನ ಮೂರೂ ಕಡೆ ಕೆಲಸ ಮಾಡಿ ಈಗ ರಿಟೈರ್ ಆಗಿದ್ದೇನೆ. ಮೊದಲು ನಿಮ್ಮ ಅತ್ತೆಯವರ ಪ್ರಶ್ನೆಗೆ ಬರುತ್ತೇನೆ.

ಹಗಲು ಹುಡುಕಿದರೆ ಸಿಗುವುದಿಲ್ಲ. ಅರಸೀಕೆರೆ ಜಂಕ್ಷನ್ ಇರುವುದು ಬೆಂಗಳೂರು-ಹುಬ್ಬಳ್ಳಿ ಲೈನಿನ ಮೇಲೆ. ರಾತ್ರಿಯಿಡೀ ಗಾಡಿ. ಮನೆ ಬಿಟ್ಟು ಹತ್ತಿದ ಹುಡುಗ ಇದು ಯಾವ ಊರು ಅಂತ ನೋಡಿ ಇಳಿಯುವುದಿಲ್ಲ. ಟಿಟಿ ಬಂದರೆ ಇಳಿಯುತ್ತಾನೆ, ಹಸಿವಾದರೆ ಇಳಿಯುತ್ತಾನೆ, ಪಕ್ಕದವನು ಯಾಕೋ ಜಾಸ್ತಿ ವಿಚಾರಿಸುತ್ತಿದ್ದಾನೆ ಅನಿಸಿದರೂ ಇಳಿಯುತ್ತಾನೆ. ಆಮೇಲೆ ಪಾರ್ಸೆಲ್ ಆಫೀಸ್ ಹಿಂದೆ, ನೀರಿನ ಟ್ಯಾಂಕ್ ಹತ್ತಿರ, ಗೋಣಿಚೀಲ ಸಿಕ್ಕಿದ ಕಡೆ ಮಲಗುತ್ತಾನೆ. 2013ರಲ್ಲಿ ಕಡೂರಿಂದ ಚಿಕ್ಕಮಗಳೂರಿಗೆ ಗಾಡಿ ಶುರುವಾಯಿತು. 2017ರಲ್ಲಿ ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ಲೈನ್ ಆಯಿತು. ನಮಗೆ ಅನುಕೂಲ ಆದ ಹಾಗೆ ಈ ಮಕ್ಕಳಿಗೂ ದಾರಿ ಆಯಿತು. ಇನ್ನು ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಊರೊಳಗೆ ಬಲೂನು, ಬಾಚಣಿಗೆ ಹಿಡಿದು ಓಡಾಡುವ ಮಕ್ಕಳನ್ನು ಅತ್ತೆಯವರು ನೋಡಿಯೇ ಇರುತ್ತಾರೆ. ಜಾತ್ರೆ ಮುಗಿದ ಮೇಲೆ ಅವರಲ್ಲಿ ಒಂದಿಬ್ಬರು ಇಲ್ಲೇ ಉಳಿದುಬಿಡುತ್ತಾರೆ.

ಎರಡನೆಯದು ಮಾವನವರಿಗೆ. ಯಾವ ಚರ್ಚೂ ರಸ್ತೆಯಿಂದ ಮಗುವನ್ನು ಎತ್ತಿಕೊಂಡು ಹೋಗಿ ಇಟ್ಟುಕೊಳ್ಳುವ ಹಾಗಿಲ್ಲ. ಮಠವೂ ಅಷ್ಟೇ, ನೀವೂ ಅಷ್ಟೇ. ಬಾಲ ನ್ಯಾಯ ಕಾಯ್ದೆ 2015ರ ಪ್ರಕಾರ, ಹೀಗೆ ಸಿಕ್ಕಿದ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರಬೇಕು. ಈ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರುತ್ತದೆ. ಒಬ್ಬರು ಅಧ್ಯಕ್ಷರು, ನಾಲ್ಕು ಸದಸ್ಯರು, ತಿಂಗಳಿಗೆ ಕಡಿಮೆ ಅಂದರೆ 20 ದಿನ ಕೂರಬೇಕು. ಮಗು ಸರ್ಕಾರಿ ಬಾಲಮಂದಿರಕ್ಕೆ ಹೋಗಬೇಕಾ, ಸಿಸ್ಟರ್‌ಗಳ ಮನೆಗೆ ಹೋಗಬೇಕಾ, ವಾಪಸ್ ಅಪ್ಪ ಅಮ್ಮನ ಹತ್ತಿರ ಹೋಗಬೇಕಾ ಅಂತ ತೀರ್ಮಾನ ಮಾಡುವವರು ಅವರು. ನಾವು ಸ್ಟೇಷನ್ನಿನಲ್ಲಿ ಹುಡುಗ ಸಿಕ್ಕಿದರೆ ರೈಲ್ವೆ ರಕ್ಷಣಾ ದಳದವರಿಗೆ (ಆರ್‌ಪಿಎಫ್) ಹೇಳುತ್ತಿದ್ದೆವು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋಗುತ್ತಿತ್ತು. ಈ 1098 ಈಗಲೂ ಇದೆ. 2023ರಿಂದ ಸರ್ಕಾರವೇ ನಡೆಸುತ್ತಿದೆ, ತುರ್ತು ನಂಬರ್ 112ರ ಜೊತೆ ಜೋಡಿಸಿದ್ದಾರೆ. ನಂಬರ್ ನೆನಪಿಟ್ಟುಕೊಳ್ಳಿ, ಬಸ್ ಸ್ಟ್ಯಾಂಡಿನಲ್ಲಿ ಒಂಟಿ ಮಗು ಕಂಡರೆ ಬಿಸ್ಕೆಟ್ ಕೊಟ್ಟು ಮುಂದೆ ಹೋಗುವುದಕ್ಕಿಂತ ಆ ಫೋನ್ ಮೇಲು.

ಕಂಡೀಷನ್ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ನನಗೆ ಕೇಳಿದರೆ, ಆಧಾರ್ ಕೇಳದೆ ಗೇಟ್ ತೆಗೆಯುವ ಮನೆಗೇ ಹೆದರಬೇಕು. ರಾತ್ರಿ ಸ್ಟೇಷನ್ನಿನಲ್ಲಿ ಈ ಮಕ್ಕಳ ಹತ್ತಿರ ಪ್ರೀತಿಯಿಂದ ಮಾತಾಡಿಸಿಕೊಂಡು ಬರುವ ದೊಡ್ಡವರು ಎಂಥವರು ಅಂತ ನಾನು ನೋಡಿದ್ದೇನೆ. ಅವರೂ ಕೈಯಲ್ಲಿ ಬಿಸ್ಕೆಟ್ ಹಿಡಿದೇ ಬರುತ್ತಾರೆ.

—

ನೇರ ನುಡಿ:

ಎಲ್ಲರೂ ಹೊಗಳಲು ಶುರು ಮಾಡುವ ಮುಂಚೆ ಒಂದು ಮಾತು. ಇವರಿಗೆ ವಿದೇಶದಿಂದ ಕೋಟಿಗಟ್ಟಲೆ ಬರುತ್ತದೆ, ನಿಮ್ಮ ಹುಟ್ಟುಹಬ್ಬದ ದುಡ್ಡು ಅವರಿಗೆ ಯಾಕೆ? ನಮ್ಮ ಮಠಗಳು ಮಾಡುತ್ತಿಲ್ಲವಾ? ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಜಾತಿ ಕೇಳದೆ ಊಟ ಮಾಡಿ ಓದುತ್ತಾರೆ. ಹಾಸನದಲ್ಲೇ ಮಠದ ಹಾಸ್ಟೆಲ್ ಇದೆ, ಅಲ್ಲಿಗೆ ಅಕ್ಕಿ ಕೊಡಿ. ಬೀದಿ ಮಗು ಅಂತ ಕರೆದುಕೊಂಡು ಹೋಗಿ, ಬೆಳಿಗ್ಗೆ ಸಂಜೆ ಪ್ರೇಯರ್ ಮಾಡಿಸಿ, ಹತ್ತು ವರ್ಷದಲ್ಲಿ ಹೆಸರೇ ಬದಲಾದರೆ ಅದನ್ನು ಸೇವೆ ಅನ್ನುತ್ತೀರಾ? ಕಾನೂನು ಪುಸ್ತಕದಲ್ಲಿ ಸಾವಿರ ಇರುತ್ತದೆ ಸ್ವಾಮಿ, ಒಳಗೆ ನಡೆಯುವುದು ಯಾರಿಗೆ ಗೊತ್ತು.

—

ಕೆಮ್ಮಣ್ಣುಗುಂಡಿ ಚಳಿ:

ಒಳಗೆ ನಡೆಯುವುದು ನನಗೆ ಒಂದು ಮಟ್ಟಿಗೆ ಗೊತ್ತು, ಹಾಗಾಗಿ ಬರೆಯುತ್ತೇನೆ. ಉದ್ದ ಆಗಬಹುದು.

ನಾನು ಚಿಕ್ಕಮಗಳೂರಿನವಳು. ಜಾತಿಯಿಂದ ಲಿಂಗಾಯತ. ಇಲ್ಲಿನ ಒಂದು ಚರ್ಚ್ ಮನೆಯ ಹುಡುಗರಿಗೆ ಭಾನುವಾರ ಲೆಕ್ಕ ಹೇಳಿಕೊಡಲು ಹೋಗುತ್ತೇನೆ. ಅಂದಹಾಗೆ ಕ್ಯಾಥೊಲಿಕ್ ಲೆಕ್ಕದಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಒಂದೇ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ, 1963ರಲ್ಲಿ ಮೈಸೂರಿಂದ ಬೇರೆ ಆಗಿದ್ದು. ಒಂದು ಮನೆ ನಿಜವಾಗಿ ಚರ್ಚಿನದ್ದಾ, ಅಥವಾ ಯಾರೋ ಬೋರ್ಡ್ ಹಾಕಿಕೊಂಡು ಕೂತಿದ್ದಾರಾ ಅಂತ ಅನುಮಾನ ಬಂದರೆ ಚಿಕ್ಕಮಗಳೂರಿನ ಬಿಷಪ್ ಹೌಸಿನಲ್ಲಿ ವಿಚಾರಿಸಬಹುದು. ಪ್ರಾಟೆಸ್ಟೆಂಟ್ ಸಭೆಗಳ ಮನೆಗಳು ಬೇರೆ, ಅವು ಈ ಲೆಕ್ಕಕ್ಕೆ ಬರುವುದಿಲ್ಲ.

ಬೀದಿ ಹುಡುಗರ ಕೆಲಸಕ್ಕೆ ಚರ್ಚಿನವರು ಬಂದಿದ್ದು ನಿನ್ನೆ ಮೊನ್ನೆಯಲ್ಲ. ಇಟಲಿಯ ಟ್ಯೂರಿನ್ ಊರಲ್ಲಿ ಫ್ಯಾಕ್ಟರಿ ಕೆಲಸ ಹುಡುಕಿಕೊಂಡು ಬಂದು ಬೀದಿಗೆ ಬಿದ್ದ ಹುಡುಗರನ್ನು ಸೇರಿಸಿ ಡಾನ್ ಬಾಸ್ಕೊ ಅನ್ನುವ ಪಾದ್ರಿ ಶುರು ಮಾಡಿದ್ದು, 1859ರಲ್ಲಿ ಅದು ಸಲೇಷಿಯನ್ ಸಭೆ ಆಯಿತು. ಅವರದ್ದೇ ಬಾಸ್ಕೊ ಸಂಸ್ಥೆ ಬೆಂಗಳೂರಿನಲ್ಲಿ 1980ರಿಂದ ರೈಲ್ವೆ ಸ್ಟೇಷನ್ ಮಕ್ಕಳ ಜೊತೆ ಕೆಲಸ ಮಾಡುತ್ತಿದೆ. ಸ್ಟೇಷನ್ನಿಗೆ ಹೋಗಿ, ಅಲ್ಲೇ ಕೂತು, ಹುಡುಗನೇ ನಂಬಿ ಮಾತಾಡುವ ತನಕ ಕಾಯುವ ಪದ್ಧತಿ ಅವರದ್ದು. ಮಠದ ಹಾಸ್ಟೆಲ್ ದೊಡ್ಡ ಕೆಲಸ, ನಮ್ಮಪ್ಪ ಓದಿದ್ದೇ ಅಲ್ಲಿ. ಆದರೆ ಅಲ್ಲಿಗೆ ಮಗುವನ್ನು ಯಾರಾದರೂ ಕೈ ಹಿಡಿದು ಕರೆದುಕೊಂಡು ಬಂದು ಅಡ್ಮಿಷನ್ ಮಾಡಿಸುತ್ತಾರೆ. ಟೀಸಿ ಇರುತ್ತದೆ, ಊರು ಇರುತ್ತದೆ. ನಶೆಗೆ ಪಂಕ್ಚರ್ ಸಲ್ಯೂಷನ್ ಮೂಸಿ ತಲೆ ತಿರುಗುತ್ತಿರುವ ಹನ್ನೊಂದು ವರ್ಷದ ಹುಡುಗನನ್ನು ರಾತ್ರಿ ಎರಡು ಗಂಟೆಗೆ ಪೊಲೀಸರು ತಂದುಬಿಟ್ಟರೆ ಅವನನ್ನು ಯಾವ ಹಾಸ್ಟೆಲ್ ತಗೊಳ್ಳುತ್ತದೆ ಹೇಳಿ.

ಪ್ರೇಯರ್ ವಿಷಯ. ಹೌದು, ಊಟಕ್ಕೆ ಮುಂಚೆ ಪ್ರಾರ್ಥನೆ ಇರುತ್ತದೆ. ಗೋಡೆಯ ಮೇಲೆ ಶಿಲುಬೆ ಇದೆ. ನಾನು ಹೋಗುವ ಮನೆಯಲ್ಲಿ ಹುಡುಗರು ಗಣೇಶ ಕೂರಿಸುವ ಪೆಂಡಾಲಿಗೂ ಹೋಗುತ್ತಾರೆ, ರಂಜಾನಿಗೆ ಇಬ್ಬರು ಹುಡುಗರಿಗೆ ಬೆಳಗಿನ ಜಾವ ಊಟ ಎತ್ತಿಡುತ್ತಾರೆ. ಎಲ್ಲ ಮನೆಯಲ್ಲೂ ಹೀಗೇ ಅಂತ ನಾನು ಗ್ಯಾರಂಟಿ ಕೊಡುವುದಿಲ್ಲ. ಅದಕ್ಕೇ ನೇರವಾಗಿ ಕೇಳಬೇಕು: ಬೇರೆ ಧರ್ಮದ ಮಕ್ಕಳ ಹಬ್ಬ ಹೇಗೆ ಮಾಡುತ್ತೀರಿ, ಪ್ರಾರ್ಥನೆಗೆ ಬರಲ್ಲ ಅಂದರೆ ಏನಾಗುತ್ತದೆ? ನಾನು ಮೊದಲ ದಿನವೇ ಕೇಳಿದ್ದೆ. ಫಾದರ್ ನಕ್ಕು, "ಬರಲ್ಲ ಅಂದವನು ತಟ್ಟೆ ಜೋಡಿಸಬೇಕು" ಅಂದರು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿದೆ. ಮನೆಯಿಂದ ಹೊರಗೆ ಬೆಳೆಯುವ ಮಗುವಿನ ಧರ್ಮ, ಭಾಷೆ, ಸಂಸ್ಕೃತಿಗೆ ಗಮನ ಕೊಡಬೇಕು ಅಂತ ಅದರ 20ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹೆಸರು ಬದಲಾಯಿಸಿದ್ದು ನಿಮ್ಮ ಗಮನಕ್ಕೆ ಬಂದರೆ ಇಲ್ಲಿ ಬರೆಯುವ ಬದಲು ಮಕ್ಕಳ ಕಲ್ಯಾಣ ಸಮಿತಿಗೆ ಬರೆಯಿರಿ ಸಾರ್. ಅವರಿಗೆ ಮನೆಯನ್ನು ಪರಿಶೀಲಿಸುವ ಅಧಿಕಾರ ಇದೆ.

ಈಗ ಹೇಮಾವತಿಯವರಿಗೆ. ಹೋಗಿ ಏನು ಮಾಡೋದು ಅಂತ ಕೇಳಿದ್ದೀರಿ. ನಾನು ಕಂಡ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹನ್ನೆರಡು ವರ್ಷ ಇರಬಹುದು, ಅವನಿಗೂ ಸರಿಯಾಗಿ ಗೊತ್ತಿಲ್ಲ. ಪುಸ್ತಕದಲ್ಲಿ 37ಕ್ಕೆ 48 ಕೂಡಿಸು ಅಂದರೆ ಪೆನ್ಸಿಲ್ ಕಚ್ಚುತ್ತಾ ಕಿಟಕಿ ನೋಡುತ್ತಾನೆ. ಕೈ ಅಡ್ಡ ಇಟ್ಟು ಬರೆಯುತ್ತಾನೆ, ತಪ್ಪು ಯಾರಿಗೂ ಕಾಣಬಾರದು ಅಂತ. ಒಂದು ದಿನ ಸುಮ್ನೆ ಮಾತಿಗೆ, ನೀನು ಗಾಡಿಯಲ್ಲಿ ಏನು ಮಾರುತ್ತಿದ್ದೆ ಅಂದೆ. ನೀರಿನ ಬಾಟಲ್ ಅಂದ. ಮೂರು ಬಾಟಲ್, ನೂರರ ನೋಟು ಅಂದೆ, ಬಾಯಿ ಮುಚ್ಚುವುದರೊಳಗೆ ಚಿಲ್ಲರೆ ಹೇಳಿದ. ಏಳು ಬಾಟಲ್, ಇನ್ನೂರು ಅಂದೆ. ಹೇಳಿದ. ಗಾಡಿ ಹೊರಡುವುದರೊಳಗೆ ಚಿಲ್ಲರೆ ಕೊಡದಿದ್ದರೆ ಕಿಟಕಿಯಿಂದ ಬೈಯುತ್ತಾರಂತೆ, ಕೊಟ್ಟರೆ ಅವನಿಗೆ ಕಮಿಷನ್ ಕೊಡುವವನು ಹೊಡೆಯುವುದಿಲ್ಲವಂತೆ. ಆಮೇಲೆ ನಾವಿಬ್ಬರೂ ರೈಲ್ವೆ ಟೈಮ್‌ಟೇಬಲ್ ಇಟ್ಟುಕೊಂಡೇ ಲೆಕ್ಕ ಮಾಡಿದ್ದು. ಬೀರೂರು ಎಷ್ಟಕ್ಕೆ ಬಿಡುತ್ತದೆ, ತಿಪಟೂರಿಗೆ ಎಷ್ಟಕ್ಕೆ ಬರುತ್ತದೆ, ನಡುವೆ ಎಷ್ಟು ನಿಮಿಷ. ಕಳೆಯುವ ಲೆಕ್ಕ ಬಂತು. ಭಾಗಾಕಾರಕ್ಕೆ ಈಗಲೂ ಕಿಟಕಿ ನೋಡುತ್ತಾನೆ.

ಇಂಥ ಮಕ್ಕಳಿಗೆ ಸ್ಕೂಲಿನ ಮೇಷ್ಟ್ರು ಒಬ್ಬರೇ ಸಾಲುವುದಿಲ್ಲ. ಪಕ್ಕದಲ್ಲಿ ಕೂರುವವರು ಬೇಕು, ಅದೂ ಮುಂದಿನ ವಾರವೂ ಬರುವವರು. ನಿಮಗೆ ಆಗದಿದ್ದರೆ ಪರವಾಗಿಲ್ಲ, ಒಂದು ಗಂಟೆ ಕೇರಂ ಆಡಿ ಬನ್ನಿ. ಮಗಳನ್ನು ಖಂಡಿತ ಕರೆದುಕೊಂಡು ಹೋಗಿ. ಮಕ್ಕಳು ಮಕ್ಕಳ ಜೊತೆ ಐದು ನಿಮಿಷದಲ್ಲಿ ಜಗಳ ಮಾಡಿ ಫ್ರೆಂಡ್ಸ್ ಆಗುತ್ತಾರೆ. "ಪಾಪ, ಇವರಿಗೆ ಯಾರೂ ಇಲ್ಲ, ನಿನಗೆ ನಾವಿದ್ದೇವೆ ನೋಡು" ಅಂತ ಮಾತ್ರ ದಾರಿಯಲ್ಲಿ ಪಾಠ ಮಾಡಬೇಡಿ. ಒಂದು, ಆ ಮಕ್ಕಳಲ್ಲಿ ಜಾಸ್ತಿ ಜನಕ್ಕೆ ಅಪ್ಪನೋ ಅಮ್ಮನೋ ಇರುತ್ತಾರೆ. ಕುಡಿತ, ಹೊಡೆತ, ಎರಡನೇ ಮದುವೆ, ತೋಟದ ಕೆಲಸಕ್ಕೆ ಊರೂರು ತಿರುಗುವುದು, ಹೀಗೆ ಏನೋ ಒಂದು. ಎರಡು, ನಿಮ್ಮ ಮಗಳು ಅದನ್ನೇ ಅಲ್ಲಿ ಹೋಗಿ ಜೋರಾಗಿ ಹೇಳುತ್ತಾಳೆ.

—

ಟೆಂತ್ ಪಾಸ್ ಮೆಕ್ಯಾನಿಕ್:

ಇಲ್ಲಿ ಎಲ್ಲರೂ ಹೊರಗಿನಿಂದ ಹೋದವರು ಬರೆದಿದ್ದೀರಿ. ನಾನು ಒಳಗೆ ಇದ್ದವನು. ಒಂಬತ್ತು ವರ್ಷದವನಿದ್ದಾಗ ಹೋದೆ, ಹದಿನೆಂಟು ತುಂಬುವ ತನಕ ಇದ್ದೆ. ಯಾವ ಮನೆ ಅಂತ ಹೇಳಲ್ಲ. ಈಗ ಹಾಸನದಲ್ಲಿ ಫ್ರಿಜ್, ವಾಷಿಂಗ್ ಮಷೀನ್ ರಿಪೇರಿ ಮಾಡುತ್ತೇನೆ.

ನೇರ ನುಡಿ ಅವರೇ, ನಾನು ಈಗಲೂ ಹನುಮಂತನ ಭಕ್ತ. ಶನಿವಾರ ಮಾಂಸ ತಿನ್ನಲ್ಲ. ನಾನು ಇದ್ದಾಗಲೂ ತಿನ್ನುತ್ತಿರಲಿಲ್ಲ, ಅಡುಗೆಯ ಆಂಟಿ ಬೈದುಕೊಂಡೇ ಬೇರೆ ಸಾರು ಮಾಡುತ್ತಿದ್ದರು. ಪ್ರೇಯರ್ ಹಾಡೆಲ್ಲ ಬಾಯಿಪಾಠ ಇದೆ, ಈಗಲೂ ಹಾಡುತ್ತೇನೆ, ರಾಗ ಚೆನ್ನಾಗಿದೆ. ಇನ್ನೊಬ್ಬ ನನ್ನ ಜೊತೆಯವನು ದೊಡ್ಡವನಾದ ಮೇಲೆ ಕ್ರಿಶ್ಚಿಯನ್ ಆದ. ಅವನಿಷ್ಟ. ಅವನಿಗೆ ಯಾರೂ ಒತ್ತಾಯ ಮಾಡಿದ್ದು ನಾನು ನೋಡಿಲ್ಲ.

ಬರುವವರ ಬಗ್ಗೆ ಹೇಳುತ್ತೇನೆ, ಯಾರೂ ಬೇಜಾರಾಗಬೇಡಿ. ಡಿಸೆಂಬರ್ ಬಂದರೆ ದಿನಾ ಯಾರಾದರೂ ಬರುತ್ತಿದ್ದರು. ಕಂಪನಿಯವರು, ಕ್ಲಬ್ಬಿನವರು, ಕಾಲೇಜಿನವರು, ಎಲೆಕ್ಷನ್ ವರ್ಷ ಆದರೆ ಪಾರ್ಟಿಯವರು. ಎರಡು ವಾರದಲ್ಲಿ ಎಷ್ಟು ಕೇಕ್ ತಿಂದಿದ್ದೇವೆ ಅಂದರೆ ಕ್ರೀಮ್ ನೋಡಿದರೆ ವಾಂತಿ ಬರೋದು. ಸಂಜೆ ಆಟಕ್ಕೆ ಬಿಟ್ಟ ಟೈಮಿಗೇ ಅವರು ಬರೋದು. ನಾವು ಕೈಕಾಲು ತೊಳೆದು, ಒಳ್ಳೆ ಅಂಗಿ ಹಾಕಿ, ಸಾಲಾಗಿ ನಿಂತು ಸ್ವಾಗತ ಗೀತೆ ಹಾಡಬೇಕು. ಆಮೇಲೆ ಬ್ರೆಡ್ ಪ್ಯಾಕೆಟ್ ಕೊಡುವಾಗ ಅವರು ಒಂದು ಕಡೆ, ನಾವು ಒಂದು ಕಡೆ, ಇಬ್ಬರೂ ಹಿಡಿದುಕೊಂಡೇ ಇರಬೇಕು, ಫೋಟೊ ತೆಗೆಯುವವನು ಬಿಡಿ ಅನ್ನುವ ತನಕ. ಒಮ್ಮೆ ನನ್ನ ಫೋಟೊ ಪೇಪರಿನಲ್ಲಿ ಬಂತು. ಸ್ಕೂಲಿನಲ್ಲಿ ಅದನ್ನು ಕತ್ತರಿಸಿ ನನ್ನ ಬೆಂಚಿನ ಮೇಲೆ ಅಂಟಿಸಿದ್ದರು. ಅಲ್ಲಿ ತನಕ ನಾನು ಎಲ್ಲಿಂದ ಬರುತ್ತೇನೆ ಅಂತ ಕ್ಲಾಸಿನಲ್ಲಿ ಮೂರು ಜನಕ್ಕೆ ಮಾತ್ರ ಗೊತ್ತಿತ್ತು.

ಈಗ ಅದು ಅಪರಾಧ ಅಂತ ಗೊತ್ತಾಯಿತು. 2015ರ ಕಾಯ್ದೆಯ 74ನೇ ಸೆಕ್ಷನ್. ಮಗುವಿನ ಹೆಸರು, ಸ್ಕೂಲು, ಫೋಟೊ, ಗುರುತು ಸಿಗುವ ಯಾವುದನ್ನೂ ಪ್ರಕಟ ಮಾಡುವ ಹಾಗಿಲ್ಲ. ಆರು ತಿಂಗಳವರೆಗೆ ಜೈಲು, ಇಲ್ಲ ಎರಡು ಲಕ್ಷದವರೆಗೆ ದಂಡ, ಇಲ್ಲ ಎರಡೂ. ವಾಟ್ಸಾಪ್ ಸ್ಟೇಟಸ್ ಏನೂ ಆಗಲ್ಲ ಅಂದುಕೊಳ್ಳಬೇಡಿ. ಫೋಟೊ ಬೇಕೇ ಬೇಕು ಅಂದರೆ ವಾಪಸ್ ಬರುವಾಗ ಶೆಟ್ಟಿಹಳ್ಳಿಯ ಮುಳುಗುವ ಚರ್ಚ್ ಹತ್ತಿರ ಹೋಗಿ, ಅಲ್ಲಿ ಎಲ್ಲರೂ ಅದಕ್ಕೇ ಬರುತ್ತಾರೆ.

ಒಳ್ಳೆಯವರೂ ಬರುತ್ತಿದ್ದರು. ಒಬ್ಬರು ಎಲೆಕ್ಟ್ರಿಷಿಯನ್, ಹೆಸರು ಬೇಡ. ಅವರು ಏನೂ ತರುತ್ತಿರಲಿಲ್ಲ. ಮನೆಯ ಫ್ಯೂಸ್ ಹೋಯಿತು ಅಂತ ಕರೆದಾಗ ಬಂದವರು. ನಾನು ಏಣಿ ಹಿಡಿದುಕೊಂಡು ನಿಂತಿದ್ದೆ. ಮುಂದಿನ ಸಲ ಬಂದಾಗ ಆ ಏಣಿ ಹುಡುಗ ಎಲ್ಲಿ ಅಂತ ಕೇಳಿದರು. ಅಷ್ಟೇ. ಆಮೇಲೆ ಟೆಸ್ಟರ್ ಹಿಡಿಯುವುದು, ವೈರ್ ಸುಲಿಯುವುದು, ಹಳೇ ಮಿಕ್ಸಿ ಬಿಚ್ಚುವುದು. ಒಂದು ಮಿಕ್ಸಿಯನ್ನು ಬಿಚ್ಚಿ ಜೋಡಿಸಿದಾಗ ಎರಡು ಸ್ಕ್ರೂ ಉಳಿದಿತ್ತು, ಮಿಕ್ಸಿ ಓಡಿತು. ಅವರು ಆ ಎರಡು ಸ್ಕ್ರೂ ನನ್ನ ಜೇಬಿಗೆ ಹಾಕಿ, "ಕಂಪನಿಯವನಿಗೆ ವಾಪಸ್ ಕಳಿಸು" ಅಂದರು. ನನಗೆ ಕೆಲಸ ಕಲಿಸಿದ್ದು ಅವರು, ಐಟಿಐ ಆಮೇಲೆ.

ಇನ್ನೊಂದು ಯಾರೂ ಕೇಳದ ವಿಷಯ. ಹದಿನೆಂಟು ತುಂಬಿದ ದಿನ ಮನೆ ಬಿಡಬೇಕು. ಕಾನೂನಿನಲ್ಲಿ 21 ವರ್ಷದ ತನಕ ಆಫ್ಟರ್ ಕೇರ್ ಅಂತ, ಮನೆ ಬಿಟ್ಟ ಮೇಲೂ ಸಿಗುವ ನೆರವು ಇದೆ, ನನ್ನ ಜೊತೆಯವರಲ್ಲಿ ಅದು ಸಿಕ್ಕವರು ಕಡಿಮೆ. ಒಂದು ಟ್ರಂಕು, ಎರಡು ಜೊತೆ ಬಟ್ಟೆ, ಮಾರ್ಕ್ಸ್ ಕಾರ್ಡ್. ಬಾಡಿಗೆ ರೂಮಿಗೆ ಹೋದರೆ ಅಪ್ಪ ಏನು ಮಾಡುತ್ತಾರೆ, ಯಾವ ಜನ, ಊರಲ್ಲಿ ಯಾರಿದ್ದಾರೆ. ಸಿಮ್ ಕಾರ್ಡಿಗೆ ವಿಳಾಸ. ಬೈಕ್ ಲೋನಿಗೆ ಗ್ಯಾರಂಟಿ ಹಾಕುವವರು. ಆವಾಗ ಒಬ್ಬ ಗುರುತಿನ ದೊಡ್ಡವರು ಇದ್ದರೆ ಅದು ನೂರು ಕೇಕಿಗಿಂತ ಮೇಲು. ಹುಟ್ಟುಹಬ್ಬಕ್ಕೆ ಹೋಗುವವರು ಸಣ್ಣ ಮಕ್ಕಳನ್ನು ಎತ್ತಿಕೊಂಡು ಮುದ್ದು ಮಾಡುತ್ತಾರೆ. ಹಿಂದೆ ಗೋಡೆಗೆ ಒರಗಿ ಮೀಸೆ ಬರುತ್ತಿರುವ ಹುಡುಗರು ನಿಂತಿರುತ್ತಾರೆ ನೋಡಿ, ಅವರ ಹತ್ತಿರ ಹೋಗಿ ಮಾತಾಡಿ. ಮೊದಲು ಸರಿಯಾಗಿ ಉತ್ತರ ಕೊಡಲ್ಲ. ಪರವಾಗಿಲ್ಲ.

—

ಲೆಕ್ಕ ಪಕ್ಕಾ:

ದುಡ್ಡಿನ ವಿಷಯ ಮಾತ್ರ ಹೇಳುತ್ತೇನೆ, ಆಡಿಟ್ ನನ್ನ ಕೆಲಸ.

ವಿದೇಶದ ದುಡ್ಡು ಅಂತ ಒಬ್ಬರು ಬರೆದಿದ್ದಾರೆ. 2020ರಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಿಸುವ ಕಾಯ್ದೆ, ತಿದ್ದುಪಡಿ ಆಯಿತು. ವಿದೇಶಿ ದೇಣಿಗೆ ಮೊದಲು ಬರಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಆಡಳಿತದ ಖರ್ಚಿಗೆ 50 ಪರ್ಸೆಂಟ್ ಇದ್ದ ಮಿತಿ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಗೆ ಬಂದಿದ್ದನ್ನು ಸಣ್ಣ ಸಂಸ್ಥೆಗೆ ದಾಟಿಸುವ ಹಾಗೂ ಇಲ್ಲ. ಜಿಲ್ಲೆಯ ಮೂಲೆಯಲ್ಲಿರುವ ಸಣ್ಣ ಮನೆಗಳಿಗೆ ಇದರಿಂದ ಹೊಡೆತ ಬಿದ್ದಿದೆ. ಕೋಟಿಗಟ್ಟಲೆ ಇದೆ ಅನ್ನುವವರು ಒಂದು ಸಲ ಆಡಿಟ್ ವರದಿ ಕೇಳಿ ನೋಡಲಿ.

ಮೇಡಂ, ನೀವು ಕೇಳಬೇಕಾದ ಕಾಗದ ಮೂರೇ. 2015ರ ಕಾಯ್ದೆಯ 41ನೇ ಸೆಕ್ಷನ್ ಕೆಳಗಿನ ನೋಂದಣಿ, ಅದರ ಅವಧಿ ಮುಗಿದಿಲ್ಲವಾ ಅಂತಲೂ ನೋಡಿ. ನೋಂದಣಿ ಇಲ್ಲದೆ ಮಕ್ಕಳನ್ನು ಇಟ್ಟುಕೊಂಡರೆ ಒಂದು ವರ್ಷದವರೆಗೆ ಜೈಲು ಇದೆ. ಆಮೇಲೆ ಕಳೆದ ವರ್ಷದ ಲೆಕ್ಕಪತ್ರ. ಆಮೇಲೆ ನಿಮಗೆ ಕೊಡುವ ರಸೀದಿ. ಕಾಗದ ತೋರಿಸಲು ಮುಜುಗರ ಪಟ್ಟರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ, ಯಾವ ಮನೆ ನೋಂದಣಿ ಆಗಿದೆ ಅಂತ ಅವರ ಹತ್ತಿರ ಪಟ್ಟಿ ಇರುತ್ತದೆ. ದೇಣಿಗೆಗೆ ತೆರಿಗೆ ವಿನಾಯಿತಿ ಬೇಕಾದರೆ 2000 ರೂಪಾಯಿ ಮೇಲೆ ಕ್ಯಾಷ್ ಕೊಡಬೇಡಿ. ಅಕ್ಕಿ, ಬಟ್ಟೆಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಏನೂ ಸಿಗುವುದಿಲ್ಲ, ಆ ಆಸೆ ಬಿಟ್ಟುಬಿಡಿ.

ಇನ್ನೊಂದು. ಬಡತನ ಒಂದೇ ಕಾರಣಕ್ಕೆ ಮಗು ಮನೆ ಬಿಟ್ಟಿದ್ದರೆ ವಾಪಸ್ ಮನೆಗೇ ಕಳಿಸಿ ದುಡ್ಡು ಕೊಡುವ ಪ್ರಾಯೋಜಕತ್ವ ಯೋಜನೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯದಲ್ಲಿದೆ, ತಿಂಗಳಿಗೆ 4000 ರೂಪಾಯಿ. ಸಿಸ್ಟರ್‌ಗಳನ್ನು ಕೇಳಿ, ನಿಮ್ಮಲ್ಲಿ ಎಷ್ಟು ಮಕ್ಕಳು ಮನೆಗೆ ವಾಪಸ್ ಹೋಗಿದ್ದಾರೆ ಅಂತ. ಖುಷಿಯಿಂದ ಉತ್ತರ ಕೊಡುವ ಮನೆ ಒಳ್ಳೆಯ ಮನೆ. ಮಕ್ಕಳ ಸಂಖ್ಯೆ ಜಾಸ್ತಿ ಆಗಿದ್ದನ್ನೇ ಸಾಧನೆ ಅಂತ ಹೇಳುವವರ ಹತ್ತಿರ ಚೆಕ್ ಬರೆಯುವ ಮುಂಚೆ ಯೋಚನೆ ಮಾಡಿ.

—

ನೇರ ನುಡಿ:

ಮೆಕ್ಯಾನಿಕ್ ಅವರೇ, ನಿಮ್ಮ ಅನುಭವಕ್ಕೆ ನಾನು ಎದುರು ಮಾತಾಡುವುದಿಲ್ಲ. ಆದರೂ ಎಲ್ಲ ಮನೆಯೂ ನಿಮ್ಮ ಮನೆ ಥರ ಇರುತ್ತದೆ ಅಂತ ನಾನು ಒಪ್ಪಲ್ಲ. ಹೋಗುವವರು ಕೇಳಬೇಕಾದ್ದನ್ನು ಕೇಳಲಿ, ಅಷ್ಟೇ ನನ್ನ ಮಾತು. ನಮ್ಮ ಮನೆಯ ಫ್ರಿಜ್ ಎರಡು ವಾರದಿಂದ ಕೂಲ್ ಆಗುತ್ತಿಲ್ಲ, ಮೆಸೇಜ್ ಮಾಡಿದ್ದೇನೆ ನೋಡಿ.

—

ಹೇಮಾವತಿ ದಂಡೆ:

ಇಷ್ಟೆಲ್ಲ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಮಾವನವರಿಗೆ ಜೋರಾಗಿ ಓದಿ ಹೇಳಿದೆ. ಹನುಮಂತನ ಭಕ್ತರ ಭಾಗ ಎರಡು ಸಲ ಓದಿಸಿದರು, ಏನೂ ಹೇಳಲಿಲ್ಲ. ಆಧಾರ್ ಪ್ರತಿ ಮಾಡಿಸಿ ಇಟ್ಟಿದ್ದಾರೆ, ಅವರದ್ದೂ ಸೇರಿಸಿ.

ಸಿಸ್ಟರ್‌ಗೆ ಮತ್ತೆ ಫೋನ್ ಮಾಡಿದ್ದೆ. ನೋಂದಣಿ ಬಗ್ಗೆ ಕೇಳಿದ್ದಕ್ಕೆ ಬೇಜಾರಾಗಲಿಲ್ಲ, ಬಂದಾಗ ಆಫೀಸಿನ ಗೋಡೆಯ ಮೇಲೇ ಇದೆ ನೋಡಿ ಅಂದರು. ಊಟದ ದುಡ್ಡು ಬೇಡ, ಡಿಸೆಂಬರ್ ಪೂರ್ತಿ ಬುಕ್ ಆಗಿದೆ, ಕಷ್ಟ ಆಗುವುದು ಸ್ಕೂಲ್ ಶುರುವಾದ ಮೇಲೆ, ಜೂನ್ ಜುಲೈ ತಿಂಗಳಲ್ಲಿ ಅಂದರು. ಕರೆಂಟ್ ಬಿಲ್ಲು, ಗ್ಯಾಸು, ಶೂ. ಬಿಲ್ಲು ಕಟ್ಟುತ್ತೇವೆ ಅನ್ನುವವರು ಯಾರೂ ಇಲ್ಲವಂತೆ, ಅದರ ಮೇಲೆ ಹುಟ್ಟುಹಬ್ಬದ ಹೆಸರು ಬರೆಯಲು ಆಗಲ್ಲವಲ್ಲ! ಹಾಗಾಗಿ ಶನಿವಾರ ಮಗಳ ಜೊತೆ ಸುಮ್ನೆ ಹೋಗಿ ಕೇರಂ ಆಡಿ ಬರುತ್ತೇವೆ, ಹಾಲ್ ಬುಕ್ಕಿಂಗ್ ದುಡ್ಡನ್ನು ಜೂನಿಗೆ ಅಂತ ಎತ್ತಿಡುತ್ತೇವೆ. ನಮ್ಮವರು ಪಿಯುಸಿ ಹುಡುಗರಿಗೆ ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಅಕೌಂಟ್ ಕೆಲಸಕ್ಕೆ ಓಡಾಡಿ ಕೊಡಬಹುದಾ ಅಂತ ಕೇಳಿದರು. ಸಿಸ್ಟರ್ ಅದನ್ನು ಕೇಳಿದ ಮೇಲೆ ಒಂದು ಗಂಟೆಯ ಮಿತಿ ಎರಡು ಗಂಟೆ ಆಯಿತು.

ಮೆಕ್ಯಾನಿಕ್ ಅವರನ್ನು ಒಂದು ಕೇಳುವುದಿತ್ತು. ಶೂ ಈಗಲೇ ಆಫರಿನಲ್ಲಿ ತಂದು ಇಟ್ಟುಕೊಳ್ಳಲಾ? ಜೂನಿಗೆ ರೇಟ್ ಜಾಸ್ತಿ ಆಗುತ್ತದೆ ಅಲ್ವಾ.

—

ಟೆಂತ್ ಪಾಸ್ ಮೆಕ್ಯಾನಿಕ್:

ಬೇಡ ಮೇಡಂ. ಜೂನಿಗೆ ಎಲ್ಲರ ಕಾಲೂ ಒಂದು ಸೈಜ್ ದೊಡ್ಡದಾಗಿರುತ್ತದೆ. ಮೇ ಕೊನೆಯಲ್ಲಿ ಪೇಪರ್ ಮೇಲೆ ಪಾದ ಇಟ್ಟು ಗೆರೆ ಹಾಕಿಸಿ, ಹಿಂದೆ ಹೆಸರು ಬರೆಸಿ ಕಳಿಸಲು ಹೇಳಿ, ಅಂಗಡಿಗೆ ಆ ಪೇಪರ್ ತಗೊಂಡು ಹೋಗಿ. ಸಾಕ್ಸ್ ಒಬ್ಬೊಬ್ಬರಿಗೆ ಎರಡು ಜೊತೆ ಕೊಡಿ. ನಮ್ಮ ಮಳೆಗೆ ಒಂದು ಜೊತೆ ಒಣಗುವುದೇ ಇಲ್ಲ, ಒದ್ದೆ ಸಾಕ್ಸ್ ಹಾಕಿಕೊಂಡು ಹೋದರೆ ಬೆರಳ ಸಂದಿಯೆಲ್ಲ ಹುಣ್ಣು. ಬಿಳಿ ತಗೋಬೇಡಿ, ಸ್ಕೂಲಿನವರು ಒಪ್ಪಿದರೆ ಕಪ್ಪು.